ಬೆನ್ನು ತೋರಿಸಿ ನಿಂತವನ ಹಿಂದೆ ಹಿಂದೆ

ಇಷ್ಟೇನಾ ಅನ್ನಿಸಿತು ಮೊದಲು. ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆ ಎಂಬ ಕಲಾ ಸಂಗ್ರಹಾಲಯದಲ್ಲಿ ಚೀಲವನ್ನು ಲಾಕರಿಗೆ ತುರುಕಿ, ದಾರಿಯಲ್ಲಿ ಸಿಕ್ಕ ಘಟಾನುಘಟಿಗಳನ್ನು ಕಣ್ಣೆತ್ತಿಯೂ ನೋಡದೆ, ಹೆಚ್ಚುಕಡಿಮೆ ಓಡಿಕೊಂಡೇ ಬಂದಿದ್ದೆ. ಬಂದು ನಿಂತರೆ ಎದುರಿಗಿದ್ದದ್ದು ನಮ್ಮ ಹಳೇ ಮನೆಯ ಕಿಟಕಿಯ ಒಂದು ಕದದಷ್ಟು ದೊಡ್ಡ ಚಿತ್ರ. ಎತ್ತರ 95 ಸೆಂಟಿಮೀಟರ್, ಅಗಲ 75. ಪುಸ್ತಕದ ಹೊದಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಯಾರ‍್ಯಾರದೋ ಮೊಬೈಲಿನ ವಾಲ್‌ಪೇಪರಿನಲ್ಲಿ ವರ್ಷಗಟ್ಟಲೆ ನೋಡಿ ನೋಡಿ, ನನ್ನ ತಲೆಯೊಳಗೆ ಅದು ಸಿನಿಮಾ ಪರದೆಯಷ್ಟಾಗಿ ಬೆಳೆದುಬಿಟ್ಟಿತ್ತು.

‘ಮಂಜಿನ ಕಡಲಿನ ಮೇಲೆ ಅಲೆಮಾರಿ’. ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಇದನ್ನು ಬರೆದದ್ದು 1817-18ರ ಸುಮಾರಿಗೆ. ಕಪ್ಪು ಬಂಡೆಯ ತುದಿಯಲ್ಲಿ ಕಡುಹಸಿರು ಕೋಟಿನವನೊಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಬಲಗೈಯಲ್ಲಿ ಊರುಗೋಲು. ಗಾಳಿಗೆ ಕೆದರಿದ ಕೆಂಚುಗೂದಲು. ಅವನ ಮುಂದೆ ಕಣ್ಣು ಹಾಯುವಷ್ಟೂ ಮಂಜು, ಆ ಮಂಜಿನಿಂದ ಅಲ್ಲೊಂದು ಇಲ್ಲೊಂದು ತಲೆ ಎತ್ತಿದ ಬಂಡೆಗಳು, ದೂರದಲ್ಲಿ ಬೂದುನೀಲಿಯ ಬೆಟ್ಟ. ಅಷ್ಟೆ.

ಕಾವಲಿನಾಕೆ ಗದರದಷ್ಟು ಹತ್ತಿರ ಹೋದೆ. ಆಗ ಚಿತ್ರ ಬೆಳೆಯತೊಡಗಿತು. ದೂರದಿಂದ ಬರೀ ಮಂಜು ಅಂದುಕೊಂಡಿದ್ದರೊಳಗೆ ಒಂದು ಬಂಡೆ, ಆ ಬಂಡೆಯ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಮರಗಳು. ಒಂದೊಂದು ಮರಕ್ಕೂ ಕಾಂಡ ಬೇರೆ, ತಲೆ ಬೇರೆ. ಬಣ್ಣ ಎಲ್ಲೂ ದಪ್ಪಗೆ ಮೆತ್ತಿಲ್ಲ. ಹಾಲಿಗೆ ನೀರು ಬೆರೆಸಿ ಒಂದರ ಮೇಲೊಂದು ತೆಳ್ಳಗೆ ಬಳಿದ ಹಾಗೆ ಪದರ ಪದರ. ಕುಂಚ ಆಡಿದ ಗುರುತೇ ಇಲ್ಲ. ಮಂಜನ್ನು ಮಂಜಿನ ಥರವೇ, ಸದ್ದಿಲ್ಲದೆ, ಇಳಿಸಿದ್ದಾನೆ ಪುಣ್ಯಾತ್ಮ.

ಅಡ್ಡಿಯಾದದ್ದು ಆ ಬೆನ್ನು. ದೇವಸ್ಥಾನದ ಸಾಲಿನಲ್ಲಿ ಗರ್ಭಗುಡಿ ಹತ್ತಿರವಾದಂತೆ ಮುಂದಿನವರ ಬೆನ್ನು ಅಡ್ಡ ಬರುತ್ತದಲ್ಲ, ಹೆಗಲ ಮೇಲಿನಿಂದ, ಕಂಕುಳ ಸಂದಿಯಿಂದ ಇಣುಕುತ್ತೇವಲ್ಲ, ಥೇಟ್ ಹಾಗೆ. ಆದರೆ ದೇವಸ್ಥಾನದಲ್ಲಿ ಪಕ್ಕಕ್ಕೆ ಸರಿಯಬಹುದು. ಇಲ್ಲಿ ಎಷ್ಟು ಸರಿದರೂ ಅವನು ಬಿಡುವುದಿಲ್ಲ. ಫ್ರೀಡ್ರಿಕ್ ಅವನನ್ನು ಚಿತ್ರದ ನಟ್ಟನಡುವೆಯೇ ನಿಲ್ಲಿಸಿದ್ದಾನೆ. ಎರಡೂ ಕಡೆಯಿಂದ ಇಳಿಜಾರಾಗಿ ಬರುವ ಬೆಟ್ಟದ ಗೆರೆಗಳು ಸರಿಯಾಗಿ ಅವನ ಎದೆಯ ಹತ್ತಿರ ಬಂದು ಸೇರುತ್ತವೆ. ನೋಡಲೇಬೇಕಾದ ಜಾಗವೇ ಅವನ ಮೈಯ ಹಿಂದೆ ಮುಚ್ಚಿಹೋಗಿದೆ. ಅವನಿಗೆ ಏನು ಕಾಣುತ್ತಿದೆಯೋ ಅದು ನನಗೆ ಕಾಣುವುದಿಲ್ಲ ಅನ್ನುವ ಚಡಪಡಿಕೆಯಲ್ಲೇ ಅರ್ಧ ಗಂಟೆ ಕಳೆಯಿತು. ತಿರುಗಿ ನೋಡಿದರೆ ನನ್ನ ಹಿಂದೆ ಏಳೆಂಟು ಜನ ನಿಂತು ನನ್ನ ಬೆನ್ನನ್ನು ಶಪಿಸುತ್ತಿದ್ದರು. ಸರಿದು ಜಾಗ ಬಿಟ್ಟೆ.

ಬೆಟ್ಟದ ಚಿತ್ರಗಳ ಈ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ, ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ. ಕಾಲೇಜಿನ ದಿನಗಳಲ್ಲಿ ಮಳೆಗೆ ಆಸರೆ ಬೇಕಾಗಿ ಒಳಗೆ ಹೊಕ್ಕವನು ನಿಕೊಲಾಯ್ ರೋರಿಕ್‌ನ ಹಿಮಾಲಯದ ಮುಂದೆ ನಿಂತುಬಿಟ್ಟೆ. ನೀಲಿ, ನೇರಳೆ, ಹೊತ್ತಿ ಉರಿಯುವ ಕೇಸರಿ. ಶಿಖರಗಳು ಯಾವುದೋ ಬೇರೆ ಗ್ರಹದವು. ರಷ್ಯಾದಲ್ಲಿ ಹುಟ್ಟಿ, ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆ ನಿಂತು, 1947ರಲ್ಲಿ ಅಲ್ಲೇ ತೀರಿಕೊಂಡವನು ಆತ. ಮಗ ಸ್ವೆತಸ್ಲಾವ್, ಸೊಸೆ ದೇವಿಕಾರಾಣಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದವರಾದ್ದರಿಂದ ಹಿಮಾಲಯ ನಮ್ಮೂರಿಗೂ ಬಂತು. ಬೆಟ್ಟವನ್ನು ಇದ್ದ ಹಾಗೆ ಬರೆಯಬೇಕಾಗಿಲ್ಲ ಎಂದು ಅಲ್ಲಿ ಗೊತ್ತಾಯಿತು. ಇದರ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದವನಿಗೆ ನೂರು ವರ್ಷ ಹಿಂದಕ್ಕೆ ಸಿಕ್ಕವನು ಫ್ರೀಡ್ರಿಕ್.

ತಮಾಷೆ ಎಂದರೆ ಇವನು ಹುಟ್ಟಿದ ಊರಲ್ಲಿ ಬೆಟ್ಟವೇ ಇಲ್ಲ. ಬಾಲ್ಟಿಕ್ ಕಡಲಂಚಿನ ಗ್ರೈಫ್ಸ್‌ವಾಲ್ಡ್, ಚಪಾತಿಯಂಥ ಊರು. 1774ರಲ್ಲಿ, ಸೋಪು-ಮೇಣದಬತ್ತಿ ಮಾಡುವವನ ಮನೆಯಲ್ಲಿ ಹುಟ್ಟು. ಏಳು ತುಂಬುವ ಮೊದಲೇ ತಾಯಿ ಹೋದಳು. ಹದಿಮೂರರಲ್ಲಿ, ತಮ್ಮ ನೀರಿನಲ್ಲಿ ಮುಳುಗಿದ. ಇವನನ್ನು ಉಳಿಸಲು ಹೋಗಿಯೇ ಮುಳುಗಿದ ಎನ್ನುತ್ತಾರೆ. ಕೋಪನ್‌ಹೇಗನ್ನಿನ ಅಕಾಡೆಮಿಯಲ್ಲಿ ಕಲಿತು, 1798ರಲ್ಲಿ ಡ್ರೆಸ್ಡೆನ್ನಿಗೆ ಬಂದವನು ಸಾಯುವತನಕ ಅಲ್ಲೇ ಇದ್ದ.

ಅದೇ ಸಂಗ್ರಹಾಲಯದಲ್ಲಿ ಅವನ ಗೆಳೆಯ ಕೆರ್ಸ್ಟಿಂಗ್ 1811ರಲ್ಲಿ ಬರೆದ ಇನ್ನೊಂದು ಚಿತ್ರ ಇದೆ. ಅದನ್ನು ನೋಡದೆ ಬರಬೇಡಿ. ಫ್ರೀಡ್ರಿಕ್ ತನ್ನ ಕೋಣೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಾನೆ. ಸನ್ಯಾಸಿಯ ಕೋಣೆ: ಗೋಡೆಗೆ ನೇತುಹಾಕಿದ ಬಣ್ಣದ ಹಲಗೆ, ಅಳತೆಪಟ್ಟಿ ಬಿಟ್ಟರೆ ಬೋಳು ಬೋಳು. ಕಿಟಕಿಯ ಕೆಳಗಿನ ಅರ್ಧಕ್ಕೆ ಹಲಗೆ ಹೊಡೆದಿದ್ದಾನೆ. ಬೆಳಕು ಬರಬೇಕು, ಹೊರಗಿನದು ಕಾಣಬಾರದು. ಜಗತ್ತಿಗೇ ಬೆಟ್ಟ ತೋರಿಸಿದವನು ಕಿಟಕಿ ಮುಚ್ಚಿಕೊಂಡು ಕೂತಿದ್ದ! ನನಗೆ ಹುಳ ಬಿಟ್ಟದ್ದು ಈ ಚಿತ್ರವೇ. ಹಾಗಾದರೆ ಅವನ ಬೆಟ್ಟ ಎಲ್ಲಿಂದ ಬಂತು?

ಚಿತ್ರ ಇರುವ ಹ್ಯಾಂಬರ್ಗೂ ಎಲ್ಬೆ ನದಿಯ ದಡದಲ್ಲಿದೆ, ಅದನ್ನು ಬರೆದ ಡ್ರೆಸ್ಡೆನ್ನೂ ಎಲ್ಬೆಯ ದಡದಲ್ಲಿದೆ, ಅದರೊಳಗಿನ ಬಂಡೆಗಳೂ ಎಲ್ಬೆಯ ದಡದಲ್ಲೇ ಇವೆ. ನಾನು ಮಾಡಬೇಕಾದದ್ದು ಇಷ್ಟೆ: ಹೊಳೆಯ ಎದುರು ಹೋಗುವುದು.

ದಾರಿಯಲ್ಲಿ ಬರ್ಲಿನ್ನಿನಲ್ಲಿ ಅರ್ಧ ದಿನ ಇಳಿದೆ. ಹಳೇ ರಾಷ್ಟ್ರೀಯ ಗ್ಯಾಲರಿಯಲ್ಲಿ ಫ್ರೀಡ್ರಿಕ್‌ನ ‘ವಾಟ್ಸ್‌ಮನ್’ ಇದೆ. ಆಲ್ಪ್ಸ್‌ನ 2,713 ಮೀಟರ್ ಎತ್ತರದ ಹಿಮಶಿಖರ. 135 ಸೆಂಟಿಮೀಟರ್ ಎತ್ತರ, 170 ಅಗಲದ ಕ್ಯಾನ್ವಾಸು. ಎದುರು ನಿಂತರೆ ಚಳಿಯಾಗುತ್ತದೆ. ಆದರೆ ಅವನು ಆಲ್ಪ್ಸ್ ನೋಡಿಯೇ ಇರಲಿಲ್ಲ. ಶಿಖರವನ್ನು ಎತ್ತಿಕೊಂಡದ್ದು ಶಿಷ್ಯ ಆಗಸ್ಟ್ ಹೈನ್ರಿಕ್ ಬರೆದಿದ್ದ ಜಲವರ್ಣದಿಂದ; ಮುಂದಿನ ಬಂಡೆ ತಾನು 1811ರಲ್ಲಿ ಹಾರ್ಟ್ಸ್ ಬೆಟ್ಟಗಳಲ್ಲಿ ಗುರುತು ಹಾಕಿಕೊಂಡಿದ್ದು. ಎರಡಕ್ಕೂ ನೂರಾರು ಕಿಲೋಮೀಟರ್ ದೂರ. ಇದು ಮೋಸ ಅನ್ನಿಸಲಿಲ್ಲ. ನಮ್ಮಲ್ಲಿ ಅಜ್ಜಿಯರು ಕಾಶಿ ನೋಡದೆಯೇ ಕಾಶಿಯ ಕಥೆ ಹೇಳುತ್ತಿರಲಿಲ್ಲವೇ, ಗಂಗೆಗೆ ಊರ ಹೊಳೆಯ ಸುಳಿ ಸೇರಿಸಿ?

ಡ್ರೆಸ್ಡೆನ್ನಿನಲ್ಲಿ ಇಳಿದಾಗ ಸಂಜೆ. ಫ್ರಾವೆನ್‌ಕಿರ್ಶೆ ಚರ್ಚಿನ ಗೋಡೆ ಚದುರಂಗದ ಮಣೆಯ ಹಾಗೆ: ಜೇನುಬಣ್ಣದ ಹೊಸ ಕಲ್ಲುಗಳ ನಡುವೆ ಮಸಿಹಿಡಿದ ಹಳೇ ಕಲ್ಲುಗಳು. 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಕುಸಿದ ಚರ್ಚನ್ನು, ಸಿಕ್ಕ ಹಳೇ ಕಲ್ಲುಗಳನ್ನು ಹುಡುಕಿ ಜೋಡಿಸಿ, 2005ರಲ್ಲಿ ಮತ್ತೆ ಎಬ್ಬಿಸಿದ್ದಾರೆ. ಈ ಮರಳುಗಲ್ಲು ಬಂದದ್ದು ನಾನು ನಾಳೆ ಹೋಗಬೇಕಾದ ಬೆಟ್ಟಗಳಿಂದ, ಹೊಳೆಯಲ್ಲಿ ದೋಣಿಯ ಮೇಲೆ. ಹಳಬಾದಷ್ಟೂ ಕಪ್ಪಾಗುವುದು ಅದರ ಜಾಯಮಾನ. ಅಲೆಮಾರಿಯ ಕಾಲಡಿಯ ಬಂಡೆ ಅಷ್ಟು ಕಪ್ಪೇಕೆ ಎಂದುಕೊಂಡಿದ್ದೆ. ಉತ್ತರ ಚರ್ಚಿನ ಗೋಡೆಯಲ್ಲಿತ್ತು.

ಆಲ್ಬರ್ಟೀನಮ್ ಸಂಗ್ರಹಾಲಯದಲ್ಲಿ ಫ್ರೀಡ್ರಿಕ್‌ಗೆ ಹೆಸರನ್ನೂ ಬೈಗುಳವನ್ನೂ ಒಟ್ಟಿಗೆ ತಂದ ಚಿತ್ರ ನೋಡಿದೆ: ‘ಬೆಟ್ಟದ ಮೇಲೆ ಶಿಲುಬೆ’, 1808ರದ್ದು. ಚಿನ್ನದ ಬಣ್ಣದ ದೊಡ್ಡ ಕೆತ್ತನೆ ಚೌಕಟ್ಟು, ಒಳಗೆ ಮೊನಚು ಬೆಟ್ಟ, ತುದಿಯಲ್ಲಿ ಶಿಲುಬೆ, ಸುತ್ತ ಫರ್ ಮರಗಳು. ಕ್ರಿಸ್ತ ನಮ್ಮ ಕಡೆ ನೋಡುತ್ತಿಲ್ಲ. ಕಾಣದ ಸೂರ್ಯನ ಕಡೆ ಓರೆಯಾಗಿ ತಿರುಗಿದ್ದಾನೆ. ಅಲ್ಲೂ ಬೆನ್ನೇ! ಇದನ್ನು ಪೂಜಾಪೀಠದ ಚಿತ್ರವೆಂದು ಕರೆದದ್ದೇ ತಪ್ಪಾಯಿತು. ರಾಮ್‌ಡೋರ್ ಎಂಬ ವಿಮರ್ಶಕ 1809ರಲ್ಲಿ ಹರಿಹಾಯ್ದ: ಬರೀ ಗಿಡಮರ ಕಲ್ಲುಬಂಡೆಗಳ ಚಿತ್ರ ದೇವರ ಪೀಠಕ್ಕೆ ಏರುವುದೆಂದರೇನು? ಊರೆಲ್ಲ ಎರಡು ಪಾಳಯವಾಗಿ ಕಿತ್ತಾಡಿತು. ನನಗೋ ಜಗಳದ ತಲೆಬುಡ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಿಳಿಗಿರಿಗೆ, ಮಾದೇಶ್ವರನ ಬೆಟ್ಟಕ್ಕೆ ಬಸ್ಸಿನ ಕಿಟಕಿಯಿಂದಲೇ ಕೈಮುಗಿಯುವ ಊರಿನಿಂದ ಬಂದವನು ನಾನು. ಬೆಟ್ಟವೇ ದೇವರಾದರೆ ತಪ್ಪೇನು ಎಂದು ಕೇಳಬೇಕೆನ್ನಿಸಿತು. ಕೇಳಲು ರಾಮ್‌ಡೋರ್ ಇರಲಿಲ್ಲ. ಆಗ ಆ ಚಿತ್ರ ಹೋದದ್ದು ಇದೇ ಹೊಳೆಯ ಮೇಲ್ದಂಡೆಯ ಟೆಟ್ಶೆನ್ ಕೋಟೆಗೆ, ಅಲ್ಲಿನ ಕೌಂಟ್ ದಂಪತಿಯ ಮಲಗುವ ಕೋಣೆಗೆ.

ಆಲ್ಬರ್ಟೀನಮ್‌ನಲ್ಲೇ ‘ಚಂದ್ರನನ್ನು ನೋಡುತ್ತಿರುವ ಇಬ್ಬರು’ ಕೂಡ ಇದೆ. ಪುಟ್ಟದು, ಟೀ ತಟ್ಟೆಗಿಂತ ಸ್ವಲ್ಪ ದೊಡ್ಡದು. 1937ರಲ್ಲಿ ಡ್ರೆಸ್ಡೆನ್ನಿಗೆ ಬಂದಿದ್ದ ಸ್ಯಾಮ್ಯುಯೆಲ್ ಬೆಕೆಟ್ ಇಂಥದ್ದೇ ಜೋಡಿ ಬೆನ್ನುಗಳಲ್ಲಿ ತನ್ನ ‘ಗೋಡೋ’ ನಾಟಕದ ಬೀಜ ಕಂಡನಂತೆ. ಇಬ್ಬರು, ಒಂದು ಒಣಮರ, ಕಾಯುವಿಕೆ. ನಂಬುವುದು ಕಷ್ಟವಲ್ಲ.

ಮರುದಿನ ಲೋಕಲ್ ರೈಲು. ಡ್ರೆಸ್ಡೆನ್ ದಾಟಿ, ಪಿರ್ನಾ ದಾಟಿದ ಮೇಲೆ ಹೊಳೆಯ ಎರಡೂ ಬದಿಗೆ ಬಂಡೆಗಳು ಏಳತೊಡಗಿದವು. ಶಿಖರಗಳಲ್ಲ, ಕಂಬಗಳು. ಒಡೆದ ಕೋಟೆಗಳ ಹಾಗೆ, ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ. ಈ ಸೀಮೆಯ ಹೆಸರು ಸ್ಯಾಕ್ಸನ್ ಸ್ವಿಟ್ಜರ್ಲೆಂಡ್. ಡ್ರೆಸ್ಡೆನ್ನಿನ ಅಕಾಡೆಮಿಗೆ 1766ರಲ್ಲಿ ಬಂದ ಇಬ್ಬರು ಸ್ವಿಸ್ ಕಲಾವಿದರು, ಆಡ್ರಿಯಾನ್ ಸಿಂಗ್ ಮತ್ತು ಆಂಟನ್ ಗ್ರಾಫ್, ಊರ ನೆನಪಾಗಿ ಇಟ್ಟ ಹೆಸರದು. ಪರದೇಶದಲ್ಲಿರುವ ನಮ್ಮವರು ಯಾವ ಗುಡ್ಡ ಕಂಡರೂ ಥೇಟ್ ಕೊಡಗು ಅನ್ನುತ್ತಾರಲ್ಲ, ಅದೇ ರೋಗ. ಚಿತ್ರಕಾರರು ಓಡಾಡಿದ ಹಾದಿಗಳನ್ನೆಲ್ಲ ಸೇರಿಸಿ ಈಗ ನೂರು ಕಿಲೋಮೀಟರಿಗೂ ಉದ್ದದ ‘ಚಿತ್ರಕಾರರ ದಾರಿ’ ಮಾಡಿದ್ದಾರೆ. ಅಷ್ಟು ನಡೆಯುವ ಮಂಡಿ ನನಗಿಲ್ಲ.

ನಾನು ಇಳಿದದ್ದು ಕ್ರಿಪ್ಪೆನ್‌ನಲ್ಲಿ. 1813ರಲ್ಲಿ ನೆಪೋಲಿಯನ್ನನ ದಂಡು ಡ್ರೆಸ್ಡೆನ್ನಿನಲ್ಲಿ ಬೀಡುಬಿಟ್ಟಾಗ ಫ್ರೀಡ್ರಿಕ್ ತಲೆಮರೆಸಿಕೊಂಡು ಬಂದದ್ದು ಈ ಹಳ್ಳಿಗೆ. ಕುಂಚ ಕ್ಯಾನ್ವಾಸುಗಳ ತಂಟೆಗೆ ಹೋಗದೆ ಪೆನ್ಸಿಲ್ ಹಿಡಿದು ಗುಡ್ಡ ಸುತ್ತಿದ. ಅಂದಹಾಗೆ, ಮರದ ತಿರುಳಿನಿಂದ ಕಾಗದ ಮಾಡುವ ಉಪಾಯ ಕಂಡುಹಿಡಿದ ಕೆಲ್ಲರ್ ಕೂಡ ಕಡೆಗಾಲದವರೆಗೆ ಬದುಕಿದ್ದು ಇದೇ ಕ್ರಿಪ್ಪೆನ್‌ನಲ್ಲಿ. ಅಲೆಮಾರಿಯ ಬೆನ್ನು ಲಕ್ಷಾಂತರ ಅಗ್ಗದ ಪೋಸ್ಟರುಗಳಾಗಿ ಊರೂರಿಗೆ ಹರಡಲು ಕಾರಣವಾದ ಇಬ್ಬರೂ ಒಂದೇ ಹಳ್ಳಿಯ ನೀರು ಕುಡಿದವರು! ಈ ಸಂಗತಿ ನನಗೆ ಎಷ್ಟು ಹಿಡಿಸಿತೆಂದರೆ ಉಳಿದುಕೊಂಡಿದ್ದ ಮನೆಯ ಒಡತಿಗೆ ಎರಡು ಸಲ ಹೇಳಿದೆ. ಆಕೆಗೆ ಗೊತ್ತಿದ್ದದ್ದೇ.

ಮಂಜು ನೋಡಬೇಕೆಂದು ಅಕ್ಟೋಬರ್ ಆರಿಸಿಕೊಂಡು ಬಂದಿದ್ದೆ. ಶರತ್ಕಾಲದ ಬೆಳಗುಗಳಲ್ಲಿ ತಣ್ಣಗಿನ ಭಾರದ ಗಾಳಿ ಕಣಿವೆಯ ತಳದಲ್ಲಿ ಕೂತು, ಹೊಳೆಯ ತೇವವೆಲ್ಲ ಅಲ್ಲೇ ಮಂಜಾಗಿ ತುಂಬಿಕೊಳ್ಳುತ್ತದೆ; ಮೇಲೆ ಬಿಸಿಲು, ಕೆಳಗೆ ಹಾಲು. ಮೊದಲ ದಿನ ಕೆಳಗೂ ಬಿಸಿಲು, ಮೇಲೂ ಬಿಸಿಲು. ಎರಡನೆಯ ದಿನ ಜಿಟಿಜಿಟಿ ಮಳೆ. ಮನೆಯೊಡತಿ ಭುಜ ಹಾರಿಸಿದಳು. ನನ್ನ ಷೂ ಬಾಯಿಬಿಟ್ಟಿತ್ತು; ಅದಕ್ಕೆ ಟೇಪು ಸುತ್ತಿಕೊಟ್ಟಳು.

ಮಂಜಿಲ್ಲದಿದ್ದರೇನು, ಬಂಡೆ ಎಲ್ಲಿಗೆ ಹೋಗುತ್ತದೆ? ಮೊದಲ ದಿನವೇ ಶೋನಾ ಎಂಬ ಕೊನೆಯ ಜರ್ಮನ್ ಹಳ್ಳಿಗೆ ಹೋದೆ. ಕೆಳಗೆ ಹೊಳೆಯ ಆಚೆ ದಡದಲ್ಲಿ ಜೆಕ್ ದೇಶ. ಹಳ್ಳಿಯ ಹುಲ್ಲುಗಾವಲಿನ ಅಂಚಿಗೆ ಕೈಸರ್‌ಕ್ರೋನೆ, ಚಕ್ರವರ್ತಿಯ ಕಿರೀಟ. ಒಂದು ಕಾಲಕ್ಕೆ ಮೇಜಿನಂತೆ ಚಪ್ಪಟೆಯಾಗಿದ್ದ ಗುಡ್ಡ ಸವೆದೂ ಸವೆದೂ ಮೂರು ಮೊನೆಗಳಾಗಿ ಉಳಿದಿದೆ. 1813ರ ಜೂನ್ 3ರಂದು ಫ್ರೀಡ್ರಿಕ್ ಇಲ್ಲಿನ ಒಂದು ಬಂಡೆಯ ಗೆರೆ ಎಳೆದುಕೊಂಡ. ನಾಲ್ಕೈದು ವರ್ಷದ ಮೇಲೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದೇ ಬಂಡೆಯ ಮೇಲೆ ಹಸಿರು ಕೋಟಿನವನನ್ನು ಹತ್ತಿಸಿದ.

ಅದರ ಎತ್ತರ ಎಷ್ಟು ಗೊತ್ತೇ? ಸಮುದ್ರಮಟ್ಟದಿಂದ 351 ಮೀಟರ್. ಬೆಂಗಳೂರು ಇರುವುದೇ 900 ಮೀಟರಿಗಿಂತ ಮೇಲೆ. ನಂದಿಬೆಟ್ಟ 1,478. ಜಗತ್ತಿನ ಅತಿ ಪ್ರಸಿದ್ಧ ಬೆಟ್ಟದ ಚಿತ್ರದ ತುದಿಗಿಂತ ಮೆಜೆಸ್ಟಿಕ್ಕಿನ ಬಸ್ ಸ್ಟ್ಯಾಂಡು ಎರಡೂವರೆ ಪಟ್ಟು ಎತ್ತರದಲ್ಲಿದೆ! ಹಳ್ಳಿಯಿಂದ ಕಾಲು ಗಂಟೆಯ ಹತ್ತುಹಾದಿ. ನನ್ನ ಮುಂದೆ ಒಬ್ಬ ತಾತ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತುತ್ತಿದ್ದ.

ಮೇಲೆ ನಿಂತು, ಜೇಬಿನಿಂದ ಪೋಸ್ಟ್‌ಕಾರ್ಡ್ ತೆಗೆದು ಎದುರಿಗೆ ಹಿಡಿದೆ. ಹೊಂದುವುದೇ ಇಲ್ಲ. ಪಕ್ಕದ ಸಿರ್ಕೆಲ್‌ಸ್ಟೈನ್ ಗುಡ್ಡ ಟೋಪಿಯ ಹಾಗೆ ಕೂತಿದೆ, ಸರಿ, ಕಾರ್ಡಿನಲ್ಲೂ ಇದೆ. ದೂರದಲ್ಲಿ ಬೊಹೀಮಿಯಾದ ರೋಸೆನ್‌ಬರ್ಗ್, ಗೋಪುರದಂಥ ನುಣುಪು ಬೆಟ್ಟ. ಕಾರ್ಡಿನ ನೀಲಿ ಬೆಟ್ಟ ಅದೇ ಇರಬೇಕು. ಆದರೆ ನಡುವಿನ ಬಂಡೆಗಳ ಗುಂಪು? ಅದು ಗಾಮ್ರಿಗ್, ಇಲ್ಲೆಲ್ಲೂ ಇಲ್ಲ. ಹೊಳೆಯ ಕೆಳದಿಕ್ಕಿಗೆ ರಾಥೆನ್ ಹತ್ತಿರ ಇದೆ. ಒಂದೊಂದು ಬಂಡೆಯನ್ನೂ ಬಿರುಕು ಸಮೇತ, ತಾರೀಖು ಸಮೇತ ನಿಷ್ಠೆಯಿಂದ ಬರೆದುಕೊಂಡವನು ಅವನ್ನೆಲ್ಲ ಕಿತ್ತು ತನಗೆ ಬೇಕಾದ ಕಡೆ ನೆಟ್ಟಿದ್ದಾನೆ. ಬಿಡಿಬಿಡಿಯಾಗಿ ಎಲ್ಲ ನಿಜ. ಆ ನೋಟ ಮಾತ್ರ ಭೂಮಿಯ ಮೇಲೆ ಎಲ್ಲೂ ಇಲ್ಲ. ಹೊಲಿಗೆ ಕಾಣದಂತೆ ಮುಚ್ಚಿರುವುದು ಮಂಜು. ಮುಚ್ಚಿದ ಕಿಟಕಿ, ಮುಚ್ಚುವ ಮಂಜು, ಅಡ್ಡ ನಿಂತ ಬೆನ್ನು. ಇವನ ಬೆಟ್ಟ ದೊಡ್ಡದಾದದ್ದು ತೋರಿಸಿದ್ದರಿಂದಲ್ಲ, ಮುಚ್ಚಿಟ್ಟಿದ್ದರಿಂದ ಅಂತ ಆ ಕುಳ್ಳ ಗುಡ್ಡದ ಮೇಲೆ ನಿಂತು ನನಗನ್ನಿಸಿತು.

ಬಂಡೆಗೆ ಅಂಗೈ ಒತ್ತಿ ತೆಗೆದರೆ ಮರಳಿನ ಕಣಗಳು ಅಂಟಿ ಬಂದವು. ಮೈತುಂಬ ಜೇನುಗೂಡಿನಂಥ ತೂತುಗಳು, ನಡುವೆ ತುಕ್ಕುಗೆಂಪಿನ ಪಟ್ಟೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ಅದರ ತಳದಲ್ಲಿ ಕೂತ ಮರಳು ಗಟ್ಟಿಯಾಗಿ, ಮೇಲೆದ್ದು, ಹೊಳೆ ಕೊರೆದು ಹೀಗಾಗಿದೆ. ಫ್ರೀಡ್ರಿಕ್‌ನ ಕಾಲಕ್ಕೆ ಈ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಆದರೂ ಬಂಡೆಯ ಸುತ್ತ ಅವನು ಬರೆದದ್ದು ಕಡಲನ್ನೇ. ಮೈ ಜುಮ್ಮೆಂದಿತು.

ಮೂರನೆಯ ದಿನ ಹನ್ನೊಂದಕ್ಕೆ ನನ್ನ ರೈಲು. ಬೆಳಗಿನ ಜಾವ ಐದಕ್ಕೆ ಕಿಟಕಿ ತೆರೆದರೆ ಎದುರಿನ ಬೀದಿದೀಪ ಹತ್ತಿಯ ಉಂಡೆಯಾಗಿತ್ತು. ಟೇಪು ಸುತ್ತಿದ ಷೂ, ಸ್ವೆಟರು, ಅದರ ಮೇಲೆ ಸ್ವೆಟರು, ಅಮ್ಮ ಬಲವಂತದಿಂದ ಚೀಲಕ್ಕೆ ತುರುಕಿದ್ದ ಮಂಕಿ ಕ್ಯಾಪು. ಮೊದಲ ರೈಲಿಗೆ ಶೋನಾ ತಲುಪಿ ಟಾರ್ಚು ಹಿಡಿದು ಹತ್ತಿದೆ. ಬೇಲಿಯ ಕಂಬ ಎರಡು ಮಾರು ದೂರಕ್ಕೆ ಬಂದ ಮೇಲೆಯೇ ಕಾಣುತ್ತಿತ್ತು. ಎಲ್ಲೋ ಹಸುವಿನ ಗಂಟೆ. ಹಸು ಕಾಣಲಿಲ್ಲ.

ತುದಿಗೆ ಬಂದರೆ ಅಲ್ಲೂ ಬಿಳುಪು. ಮೇಲೆ, ಕೆಳಗೆ, ಎದುರಿಗೆ. 351 ಮೀಟರಿನ ಗುಡ್ಡ. ಮಂಜು ಅದರ ತಲೆಯನ್ನೂ ದಾಟಿ ಏರಿತ್ತು! ಅಲೆಮಾರಿ ಕಡಲಿನ ಮೇಲೆ ನಿಂತಿದ್ದ. ನಾನು ಕಡಲಿನೊಳಗೆ ಮುಳುಗಿದ್ದೆ. ರೆಪ್ಪೆಗಳ ಮೇಲೆ ಹನಿ ಕೂತವು. ನನ್ನ ಉಸಿರು ನನಗೇ ಕೇಳುವಷ್ಟು ಮೌನ. ನಗು ಬಂತು. ಆದರೂ ಇಳಿಯಲಿಲ್ಲ, ಬಂಡೆಯಂಚಿನ ಕಂಬಿ ಹಿಡಿದು ನಿಂತೆ.

ಎಷ್ಟು ಹೊತ್ತಾಯಿತೋ. ಬಿಳುಪಿನೊಳಗೆ ಮೊದಲು ಒಂದು ಹಳದಿ ಬಂತು. ಆಮೇಲೆ, ಯಾರೋ ಕೆಳಗಿನಿಂದ ಪಂಚೆ ಎಳೆದುಕೊಂಡ ಹಾಗೆ, ಮಂಜು ಜಾರಿತು. ನನ್ನ ಹೆಗಲು ಹೊರಬಂತು, ಬಂಡೆ ಹೊರಬಂತು, ಸಿರ್ಕೆಲ್‌ಸ್ಟೈನಿನ ಟೋಪಿ ಹೊರಬಂತು. ಅದರ ತುದಿಯಲ್ಲಿ ಮರಗಳು ಒಂದೊಂದಾಗಿ ಎಣಿಸುವಂತೆ, ಸಾಸಿವೆಕಾಳಿನಷ್ಟು. ಆಚೆಗೆ ಹೆಸರಿಲ್ಲದ ಇನ್ನಷ್ಟು ತಲೆಗಳು. ಹೊಳೆ ಇಲ್ಲ, ಹಳ್ಳಿ ಇಲ್ಲ, ಜರ್ಮನಿ ಇಲ್ಲ, ಜೆಕ್ ಇಲ್ಲ. ಮಂಜು ನಿಂತಲ್ಲಿ ನಿಂತಿರಲಿಲ್ಲ, ಬಂಡೆಗಳ ಸುತ್ತ ನಿಧಾನ ಸುತ್ತುತ್ತಿತ್ತು, ಕಡೆದ ಮಜ್ಜಿಗೆಯ ಹಾಗೆ. ಬಾಯಿಂದ ಏನೋ ಹೊರಟಿತು, ಮಾತಲ್ಲ. ಫೋನು ಚೀಲದಲ್ಲೇ ಇತ್ತು, ನೆನಪಾಗಲಿಲ್ಲ. ಐದು ನಿಮಿಷವೋ ಹತ್ತೋ. ಮಂಜು ಮತ್ತೆ ಮೇಲೆ ಬಂತು, ಸೊಂಟದವರೆಗೆ, ಕುತ್ತಿಗೆಯವರೆಗೆ, ಮುಗಿಯಿತು.

ತಿರುಗಿದರೆ ಹಿಂದೆ ಒಬ್ಬ ಹೆಂಗಸು, ಜೊತೆಗೆ ಒದ್ದೆ ನಾಯಿ. ಯಾವಾಗ ಬಂದರೋ. ಆಕೆ ಸಂಕೋಚದಿಂದ ಫೋನು ಚಾಚಿ ತೋರಿಸಿದಳು. ಬಂಡೆ, ಮಂಜು, ದೂರದ ಗುಡ್ಡ, ನಟ್ಟನಡುವೆ ಒಂದು ಬೆನ್ನು. ಊದಿಕೊಂಡ ಎರಡು ಸ್ವೆಟರು, ವಾಲಿದ ಚೀಲ, ಕಂದು ಮಂಕಿ ಕ್ಯಾಪು. ನನ್ನ ಬೆನ್ನು ಹೇಗಿದೆ ಎಂದು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಕ್ಷಮಿಸಿ, ನೀವು ಜಾಗ ಬಿಟ್ಟು ಕದಲಲೇ ಇಲ್ಲ ಎಂದಳು.

ಕಳಿಸಲಾ ಎಂದು ಕೇಳಿದಳು. ಗುಡ್ಡದ ಮೇಲೆ ಇಬ್ಬರ ಫೋನಿಗೂ ಸಿಗ್ನಲ್ ಇರಲಿಲ್ಲ. ಕೆಳಗೆ ಹಳ್ಳಿಯಲ್ಲಿ ನೋಡೋಣ ಎಂದುಕೊಂಡು ಇಳಿದೆವು. ನಾಯಿ ಮುಂದೆ ಓಡಿತು, ಆಕೆ ಅದರ ಹಿಂದೆ. ಬೇಲಿಯ ತಿರುವಿನಲ್ಲಿ ಇಬ್ಬರೂ ಮಂಜಿನೊಳಗೆ ಹೋದರು. ಗಂಟೆ ಸದ್ದು ಕೇಳಿಸಿತು, ಅದು ನಾಯಿಯದೋ ಹಸುವಿನದೋ ತಿಳಿಯಲಿಲ್ಲ.